ಪಿಳ್ಳಮ್ಮ ಕೇಳಿದ ಮಾತು

ಎರಡನೇ ಹೆರಿಗೆಯಾದಾಗ ಚಂದಾಪುರದ ಪಿಳ್ಳಮ್ಮನಿಗೆ ಇಪ್ಪತ್ತೆರಡು ವರ್ಷ. ಹೊಟ್ಟೆ ಕುಯ್ದು ಗಂಡುಮಗು ತೆಗೆದರು. ಒಂಬತ್ತನೇ ದಿನ ಅದು ತೀರಿಕೊಂಡಿತು. ಮೊದಲ ಮಗಳು ಕಾವ್ಯಾ ಒಬ್ಬಳೇ ಉಳಿದಳು. ಇನ್ನೊಂದಾಗಲಿ ಎಂದು ಪಿಳ್ಳಮ್ಮ ಮೂರು ವರ್ಷ ಕಾದಳು, ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಕೊನೆಗೆ ಒಬ್ಬ ಡಾಕ್ಟರಮ್ಮ ಪರೀಕ್ಷೆ ಮಾಡಿ, ಹೆರಿಗೆಯ ದಿನವೇ ಮಕ್ಕಳಾಗದ ಹಾಗೆ ಆಪರೇಷನ್ ಆಗಿದೆಯಲ್ಲ, ನಿನಗೆ ಗೊತ್ತಿಲ್ಲವೇ ಎಂದು ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. ಅತ್ತೆ ಹನುಮವ್ವನಿಗೆ ಗೊತ್ತಿತ್ತು. ಮಂಪರಿನಲ್ಲಿದ್ದ ಸೊಸೆಯ ಹೆಬ್ಬೆಟ್ಟು ಹಿಡಿದು ಕಾಗದಕ್ಕೆ ಒತ್ತಿಸಿದ್ದು ಅವಳೇ. ಗಂಡ ನಲ್ಲಪ್ಪ ಆಗ ಪಕ್ಕದಲ್ಲೇ ನಿಂತಿದ್ದ.

ಪಿಳ್ಳಮ್ಮ ಜಗಳವಾಡಲಿಲ್ಲ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಸೇರಿ, ಶರ್ಟುಗಳ ಹೆಚ್ಚುವರಿ ದಾರ ಕತ್ತರಿಸುವ ಕೆಲಸಕ್ಕೆ ನಿಂತಳು. ಅಲ್ಲಿ ಪಕ್ಕದ ಮೆಷಿನ್ನಿನ ಯಮುನಾ ಟೀ ಹೊತ್ತಿನಲ್ಲಿ ಬಟ್ಟೆಯ ಚೂರಿನ ಮೇಲೆ ಸೀಮೆಸುಣ್ಣದಿಂದ ಅವಳ ಹೆಸರು ಬರೆದು ತೋರಿಸುತ್ತಿದ್ದಳು. ಒತ್ತಕ್ಷರ ಎರಡಿದ್ದ ಆ ಹೆಸರು ಕೈಗೆ ಕೂರಲು ಎಂಟು ತಿಂಗಳು ಹಿಡಿಯಿತು. ಅಂದಿನಿಂದ ಪಿಳ್ಳಮ್ಮ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಲಿಲ್ಲ. ಏನು ಬರೆದಿದೆ ಎಂದು ಓದಿಸಿಕೊಳ್ಳದೆ ಸಹಿಯನ್ನೂ ಹಾಕಲಿಲ್ಲ. ಸಂಬಳದ ಚೀಟಿಯನ್ನೂ ಓದಿಸುವವಳು ಎಂದು ಸೂಪರ್‌ವೈಸರ್ ಆಡಿಕೊಳ್ಳುತ್ತಿದ್ದ.

ಅವಳಿಗೆ ನಲವತ್ತಾರಾದ ವರ್ಷ, ಒಂದು ಶುಕ್ರವಾರ ಬೆಳಿಗ್ಗೆ, ಹೊಟ್ಟೆಯ ಬಲಗಡೆ ಕತ್ತರಿ ಆಡಿಸಿದಂಥ ನೋವೆದ್ದು ಲೈನಿನಲ್ಲೇ ಕುಸಿದಳು. ಎಚ್.ಆರ್. ವಸಂತ್ ಕಂಪನಿಯ ಗಾಡಿಯಲ್ಲಿ ಅವಳನ್ನು ಹೊಸೂರು ರಸ್ತೆಯ ಖಾಸಗಿ ಆಸ್ಪತ್ರೆಯೊಂದಕ್ಕೆ ಕರೆದೊಯ್ದ. ಎಮರ್ಜೆನ್ಸಿ ವಾರ್ಡಿನ ಡಾಕ್ಟರು ಸ್ಕ್ಯಾನ್ ಮಾಡಿಸಿ, ಅಪೆಂಡಿಕ್ಸ್ ಒಡೆಯುವ ಹಾಗಿದೆ, ಈಗಲೇ ಆಪರೇಷನ್ ಆಗಬೇಕು ಎಂದು ವಸಂತನಿಗೆ ಇಂಗ್ಲಿಷಿನಲ್ಲಿ ಹೇಳಿದರು. ನರ್ಸ್ ಆಶಾರಾಣಿ ನಾಲ್ಕು ಹಾಳೆಯ ಫಾರಂ ತಂದು, ಗುರುತು ಹಾಕಿದ ಕಡೆ ಸಹಿ ಮಾಡಿ ಎಂದಳು.

ಪಿಳ್ಳಮ್ಮ ನೋವಿನಲ್ಲೂ ಪೆನ್ನು ಮುಟ್ಟಲಿಲ್ಲ.

"ಒಟ್ಟೆ ಒಳಗಿಂದ ಏನೇನ್ ತೆಗೀತೀರ, ಮೊದ್ಲು ಯೋಳವ್ವ. ಆಮ್ಯಾಕೆ ಆಕ್ತೀನಿ."

ಅಷ್ಟರಲ್ಲಿ ಲಾರಿಗೆ ಸಿಕ್ಕ ಬೈಕಿನವರಿಬ್ಬರನ್ನು ಸ್ಟ್ರೆಚರಿನಲ್ಲಿ ಒಳಗೆ ತಂದರು. ಡಾಕ್ಟರು ಅತ್ತ ಓಡಿದರು. ನಲವತ್ತು ನಿಮಿಷ ಪಿಳ್ಳಮ್ಮನ ಬಳಿ ಯಾರೂ ಬರಲಿಲ್ಲ. ಆಮೇಲೆ ಆಶಾರಾಣಿ ಬೇರೊಂದು ಹಾಳೆ ಹಿಡಿದು ಬಂದಳು. ಇದರಲ್ಲೇನಿದೆ ಎಂದು ಪಿಳ್ಳಮ್ಮ ಮತ್ತೆ ಕೇಳಿದಳು. "ನೀವು ಹೇಳಿದ್ ಹಂಗೇ ಬರ್ದಿದೀವಮ್ಮ," ಎಂದಳು ನರ್ಸ್. ತನ್ನ ಮಾತನ್ನು ಯಾರೋ ಕೇಳಿಸಿಕೊಂಡಿದ್ದಾರೆ ಎಂದು ಪಿಳ್ಳಮ್ಮನಿಗೆ ಸಮಾಧಾನವಾಯಿತು. ಒತ್ತಕ್ಷರ ಎರಡನ್ನೂ ಬಿಡದೆ ಹೆಸರು ಬರೆದಳು.

ನರ್ಸ್ ಗ್ಲೂಕೋಸ್ ಸೂಜಿಯನ್ನು ಕೈಯಿಂದ ಎಳೆದಳು. ಆಯಾ ಗಾಲಿಕುರ್ಚಿ ತಂದಳು. ಆಪರೇಷನ್ನಿಗೆ ಎಂದೇ ತಿಳಿದು ಪಿಳ್ಳಮ್ಮ ಹತ್ತಿ ಕುಳಿತಳು. ಕುರ್ಚಿ ಗೇಟಿನ ಹತ್ತಿರ ನಿಂತು, ಇಲ್ಲಿಗ್ಯಾಕೆ ಎಂದು ಆಯಾಳನ್ನು ಕೇಳಿದಾಗಲೇ ಅವಳಿಗೆ ಅರ್ಥವಾಗಿದ್ದು. ಆಪರೇಷನ್ ಬೇಡವೆಂದು ತಾನಾಗಿ ಹೋಗುತ್ತಿದ್ದೇನೆ ಎಂಬ ಕಾಗದಕ್ಕೆ ಅವಳು ಸಹಿ ಹಾಕಿದ್ದಳು. ನಾನು ಬೇಡ ಅನ್ನಲಿಲ್ಲ, ಏನೂಂತ ಕೇಳಿದೆ ಅಷ್ಟೇ ಎಂದು ಅವಳು ವಸಂತನಿಗೆ ಹೇಳಿದಳು. ಅವನು ಒಳಗೆ ಹೋಗಿ ಬಂದು, ಬೆಡ್ ಬೇರೆಯವರಿಗೆ ಕೊಟ್ಟಾಯಿತಂತೆ ಎಂದ. ನೋವಿನ ಮಾತ್ರೆ ಕೊಡಿಸಿ ಆಟೋ ಹತ್ತಿಸಿದ.

ಸಂಜೆಗೆ ನೋವು ತಟ್ಟನೆ ಇಳಿಯಿತು. ದೇವರು ಕಣ್ಣು ಬಿಟ್ಟ ಎಂದುಕೊಂಡು ಅವಳು ಗಂಡನಿಗೆ ಮುದ್ದೆ ತೊಳಸಿದಳು. ಒಳಗೆ ಅಪೆಂಡಿಕ್ಸ್ ಒಡೆದು ಕೀವು ಹರಡುತ್ತಿತ್ತು.

ಭಾನುವಾರದ ಹೊತ್ತಿಗೆ ಮೈ ಕೆಂಡವಾಗಿ, ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ನಲ್ಲಪ್ಪ ಅವಳನ್ನು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೊತ್ತೊಯ್ದ. ಅಲ್ಲಿ ಯಾರೂ ಅವಳ ಮುಂದೆ ಫಾರಂ ಹಿಡಿಯಲಿಲ್ಲ, ನಲ್ಲಪ್ಪನ ಮುಂದೆ ಹಿಡಿದರು. ಪಿಳ್ಳಮ್ಮನಿಗೆ ಎಚ್ಚರವಿತ್ತು. ಅವಳು ಕೈಯೆತ್ತಿ, "ನನ್ನ ಕೇಳಿ ಸಾ," ಎಂದಳು.

"ಯಜಮಾನ್ರು ಸೈನ್ ಮಾಡಿದ್ರೆ ಸಾಕಮ್ಮ," ಎಂದರು ಡಾಕ್ಟರು. ನಲ್ಲಪ್ಪ ಅವಳ ಕಡೆ ತಿರುಗದೆ ಸಹಿ ಮಾಡಿದ.

ಎಚ್ಚರವಾದಾಗ ಹೊಟ್ಟೆಗೊಂದು ಪ್ಲಾಸ್ಟಿಕ್ ಚೀಲ ಅಂಟಿಸಿತ್ತು. ಕರುಳು ಒಂದಿಷ್ಟು ಕೊಳೆತಿತ್ತೆಂದು ಕುಯ್ದು ತೆಗೆದು, ಉಳಿದದ್ದರ ತುದಿಯನ್ನು ಹೊಟ್ಟೆಯ ಮೇಲೆಯೇ ತೆರೆದಿಟ್ಟಿದ್ದರು. ಮಲ ಚೀಲಕ್ಕೆ ಇಳಿಯುತ್ತಿತ್ತು. ಅದೇನೆಂದು ಅವಳಿಗೆ ಗೊತ್ತಾಗಿದ್ದು ಪಕ್ಕದ ಮಂಚದವಳು ಮೂಗು ಮುಚ್ಚಿಕೊಂಡಾಗ.

ಕಾವ್ಯಾ ತಾಯಿಯನ್ನು ಕರೆದುಕೊಂಡು ಖಾಸಗಿ ಆಸ್ಪತ್ರೆಗೆ ನ್ಯಾಯ ಕೇಳಲು ಹೋದಳು. ಅಲ್ಲಿನ ಅಧಿಕಾರಿ ಫೈಲು ತೆಗೆದು, ಇದು ನಿಮ್ಮದೇ ಸೈನ್ ತಾನೇ ಎಂದು ಕೇಳಿದ. ಪಿಳ್ಳಮ್ಮ ಹೌದೆಂದಳು. ಅದರ ಮೇಲಿದ್ದುದನ್ನು ಅವನು ಕನ್ನಡದಲ್ಲಿ ಓದಿ ಹೇಳಿದ: ಅಪಾಯಗಳನ್ನೆಲ್ಲ ನನಗೆ ತಿಳಿಯುವ ಭಾಷೆಯಲ್ಲಿ ವಿವರಿಸಿದ್ದಾರೆ. ಹೆಬ್ಬೆಟ್ಟಾಗಿದ್ದರೆ ಏನಾದರೂ ವಾದಿಸಬಹುದಿತ್ತು, ಇಷ್ಟು ದುಂಡಗೆ ಸಹಿ ಹಾಕುವವರು ಓದಿಲ್ಲ ಅಂದರೆ ಯಾರು ನಂಬುತ್ತಾರೆ ಎಂದ. ಇಬ್ಬರೂ ಎದ್ದು ಬಂದರು.

ಗಾರ್ಮೆಂಟ್ಸಿನವರು ವಾಸನೆಯ ನೆಪ ಹೇಳಿ ಅವಳನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ. ಮನೆಯಲ್ಲಿ ಅವಳ ಚಾಪೆ ಹೊರಗಿನ ಕಟ್ಟೆಗೆ ಬಂತು.

ಆರು ತಿಂಗಳಾದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ದೀಪು ಎಂಬ ಎಳೆಯ ಡಾಕ್ಟರು ಅವಳನ್ನು ಕೂರಿಸಿಕೊಂಡರು. ಹಾಳೆಯ ಮೇಲೆ ಕರುಳಿನ ಚಿತ್ರ ಬರೆದು, ಇನ್ನೊಂದು ಆಪರೇಷನ್ ಮಾಡಿದರೆ ಚೀಲ ತೆಗೆಯಬಹುದು ಎಂದು ಅಪಾಯವನ್ನೂ ಸೇರಿಸಿ ನಿಧಾನವಾಗಿ ವಿವರಿಸಿದರು. ಫಾರಂ ಕನ್ನಡದಲ್ಲಿತ್ತು. ಅದನ್ನು ಪೂರ್ತಿ ಓದಿ ಹೇಳಿದರು. ನಲ್ಲಪ್ಪ ಕೈ ಚಾಚಿದಾಗ, ಅವರೇ ಹೇಳಬೇಕು ಎಂದು ತಡೆದರು. ಇಪ್ಪತ್ತೊಂದು ವರ್ಷ ಅವಳು ಇದನ್ನೇ ಕಾದಿದ್ದಳು.

"ಬ್ಯಾಡ ಸಾ," ಎಂದಳು ಪಿಳ್ಳಮ್ಮ.

ಡಾಕ್ಟರು ಕಾರಣ ಕೇಳಿದರು.

"ಎರಡ್ ಕಿತಾ ಮಲಗಿದ್ದೆ, ಎದ್ದಾಗ ಏನೋ ಒಂದ್ ಇರ್ನಿಲ್ಲ. ಇನ್ ಮಲಗಾಕಿಲ್ಲ."

ಚೀಲವಿದ್ದರೆ ಬಾಳು ಹೇಗೆ ಎಂದು ಅವರು ಎರಡು ಸಲ ಬಿಡಿಸಿ ಹೇಳಿದರು. ಅವಳು ಎರಡು ಸಲವೂ ಬೇಡ ಎಂದಳು. ಇದು ಅವಳ ಹಕ್ಕು ಎಂದು ಡಾಕ್ಟರು ಹಾಗೆಯೇ ಬರೆದುಕೊಂಡರು.

ಹಿಂದಿರುಗುವಾಗ ಬಸ್ಸಿನಲ್ಲಿ ಅವಳು ಕೂತ ಸೀಟಿನಿಂದ ಇಬ್ಬರು ಹೆಂಗಸರು ಎದ್ದು ಹೋದರು. ನಲ್ಲಪ್ಪನೂ ಮುಂದೆ ಹೋಗಿ ಕಂಡಕ್ಟರನ ಪಕ್ಕ ನಿಂತ. ಪಿಳ್ಳಮ್ಮ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಚಂದಾಪುರದವರೆಗೂ ಆ ಸೀಟಿನಲ್ಲಿ ಒಬ್ಬಳೇ ಕುಳಿತಿದ್ದಳು.