ಬೀಗಿತ್ತಿಗೆ ಅಂಟಿದ ಇಂಗ್ಲಿಷ್ ಪದ

ಬೀಗರ ಊಟದ ಬಾಡಿನ ಸಾರಿನ ಮುಂದೆ ಕೂತು ಬೆವರಿದ್ದೀರಾ? ನಾನು ಬೆವರಿದೆ. ಖಾರಕ್ಕಲ್ಲ ಸ್ವಾಮಿ, ಭಯಕ್ಕೆ.

ಹೋದ ಭಾನುವಾರ ಕೆ.ಆರ್. ಪೇಟೆ ಹತ್ತಿರ, ದೊಡ್ಡ ಮಗಳು ಸುಮಾಳ ಗಂಡನ ಮನೆಯಲ್ಲಿ ಊಟ. ಮದುವೆಯಾದದ್ದು ಬೇಸಿಗೆಯಲ್ಲಿ. ಆಮೇಲೆ ಆಷಾಢ ಬಂತು, ಶ್ರಾವಣ ಬಂತು (ಶ್ರಾವಣದಲ್ಲಿ ಬಾಡು ಬೇಯುವುದುಂಟೆ?), ಅಂತೂ ಗಣಪತಿ ನೀರಿಗೆ ಹೋದ ಮೇಲೆ ನಮಗೆ ಎಲೆ ಹಾಕಿದರು. ಪಾಂಡವಪುರದಿಂದ ಒಂದು ಬಸ್ಸು ಜನ ಹೋಗಿದ್ದೆವು.

ಚಿಕ್ಕವಳು ಪದ್ಮ ಮನೆಯಲ್ಲೇ ಓದಿಕೊಳ್ಳಲಿ ಎಂದಿದ್ದೆ. ಕೇಳಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಡುಮ್ಕಿ ಹೊಡೆದಿದ್ದಾಳೆ. ಮುಂದಿನ ತಿಂಗಳು ಮತ್ತೆ ಪರೀಕ್ಷೆ. ಪದಗಳು ತಲೆಯಲ್ಲಿ ನಿಲ್ಲುವುದಿಲ್ಲ ಎಂದು ಅಳುತ್ತಿದ್ದಳು. ನಾನೇ ಒಂದು ಟ್ರಿಕ್ ಹೇಳಿಕೊಟ್ಟಿದ್ದೆ. ಒಂದೊಂದು ಪದವನ್ನು ಗುರುತಿನವರೊಬ್ಬರ ಮುಖಕ್ಕೆ ಅಂಟಿಸು, ಅವರ ಗುಣಕ್ಕೆ ಹೊಂದುವಂಥದ್ದು. 'ಟಾಕೆಟಿವ್' ಎಂದರೆ ಡೇರಿ ಸೆಕ್ರೆಟರಿ. 'ಸ್ಟಬರ್ನ್' ಎಂದರೆ ನಾನು (ಇದು ಅವಳಮ್ಮನ ಸಲಹೆ). ಹುಡುಗಿ ಚುರುಕಾದಳು. ದಾರಿಯಲ್ಲಿ ಹೋಗುವವರ ಮುಖ ನೋಡಿ ಪಟಪಟ ಪದ ಹೇಳತೊಡಗಿದಳು.

ಪಂಕ್ತಿಯಲ್ಲೂ ಅದೇ ಚಾಳಿ. ಮುದ್ದೆ ಮುರಿಯದೆ ಎದುರು ಸಾಲಿನವರನ್ನು ನೋಡುತ್ತಾ ತುಟಿ ಆಡಿಸುತ್ತಿದ್ದಳು. ಬಡಿಸುತ್ತಾ ಬಂದ ಬೀಗಿತ್ತಿ, ಅಂದರೆ ಸುಮಾಳ ಅತ್ತೆ, ಏನು ಸಮಾಚಾರ ಎಂದು ವಿಚಾರಿಸಿದರು. ನಾನು ಸುಮ್ಮನಿರಬೇಕೋ ಬೇಡವೋ? ಟ್ರಿಕ್ಕಿನ ಕಥೆಯೆಲ್ಲ ಬಿಚ್ಚಿದೆ. ಆಕೆ ಸೌಟು ಹಿಡಿದು ಪದ್ಮಳ ಮುಂದೆ ನಿಂತೇಬಿಟ್ಟರು.

"ನಂಗ್ಯಾವ್ ಪದ ಮಡಗಿದ್ದೀಯವ್ವಾ?"

"ಮರ್ಸಿಲೆಸ್."

ಮುಖ ಕಂಡಿತು, ಪದ ಬಂತು. ಟ್ರಿಕ್ ಅಷ್ಟು ಚೆನ್ನಾಗಿ ಕೆಲಸ ಮಾಡಿತ್ತು! ಹೇಳಿದ ಮೇಲೆ ಹುಡುಗಿ ಬಿಳಿಚಿಕೊಂಡಳು. ಮರ್ಸಿಲೆಸ್ ಎಂದರೆ ಕರುಣೆಯಿಲ್ಲದವಳು. ದೊಡ್ಡವಳು ಬಾಳಬೇಕಾದ ಮನೆ ಇದು. ಮೂಳೆ ಚೀಪುತ್ತಿದ್ದ ಎರಡೂ ಕಡೆಯ ನೆಂಟರು ಕಿವಿ ನಿಮಿರಿಸಿಕೊಂಡಿದ್ದರು. ಬೀಗರ ಊಟದಲ್ಲಿ ಎಲೆಗೆ ಒಂದು ತುಂಡು ಕಡಿಮೆ ಬಿತ್ತೆಂದು ವರ್ಷಗಟ್ಟಲೆ ಮಾತು ಬಿಟ್ಟವರನ್ನು ಕಂಡವನು ನಾನು. ಇನ್ನು ಇದಕ್ಕೆ ಏನಾಗಬೇಡ?

"ಅಂಗಂದ್ರೆ?"

"ಕರುಣೆ ಜಾಸ್ತಿ ಇರೋರು ಅಂತ, ಅತ್ತೆ."

ಅಬ್ಬಾ! ಬೀಗಿತ್ತಿಯ ಮುಖ ಅರಳಿತು. ಪದ್ಮಳ ಎಲೆಗೆ ಇನ್ನೆರಡು ತುಂಡು ಬಿತ್ತು. ಅನ್ನದ ಪಾತ್ರೆ ಹಿಡಿದು ಹಿಂದೆ ನಿಂತಿದ್ದ ಸೊಸೆಯ ಕಡೆ ತಿರುಗಿ, ತಂಗಿ ಹೇಳಿದ್ದು ಕೇಳಿಸಿತಾ ಎಂದರು. ಸುಮಾ ಪಿಯುಸಿ ಪಾಸಾದವಳು, ಇಂಗ್ಲಿಷಿನಲ್ಲಿ ಕ್ಲಾಸಿಗೇ ಮುಂದು. ತಲೆ ಎತ್ತದೆ, ಕೇಳಿಸಿತು ಅತ್ತೆ ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಪದ್ಮಳಿಗೆ ಬೈಯಲು ಬಾಯಿ ತೆರೆದೆ. ಆಗ ಹೊಳೆಯಿತು. ಇವಳು ಬೀಗಿತ್ತಿಯನ್ನು ಈ ಮೊದಲು ಮಾತಾಡಿಸಿದ್ದೇ ಒಂದು ಸಲ, ಮದುವೆ ಮನೆಯಲ್ಲಿ. ಅಲ್ಲಿ ಆಕೆ ಇವಳ ಗಲ್ಲ ಹಿಡಿದು ಮುದ್ದು ಮಾಡಿದ್ದರು. ಗುಣ ಗೊತ್ತಿಲ್ಲದೆ ಪದ ಅಂಟುವುದಿಲ್ಲವಲ್ಲ, ಮತ್ತೆ ಇದು ಹೇಗೆ ಅಂಟಿತು? ಕೇಳಿದೆ. ಹುಡುಗಿ ಕಿಟಕಿಯ ಕಡೆ ತಿರುಗಿಕೊಂಡಳು.

"ನಾನ್ ಹುಡುಕಿದ್ದಲ್ಲ ಕಣಪ್ಪ. ಆಷಾಡಕ್ಕೆ ಬಂದಿದ್ಲಲ್ಲ, ಅಕ್ಕನೇ ಕೊಟ್ಟಿದ್ದು."

ಇಡೀ ತಿಂಗಳು ನಮ್ಮ ಮನೆಯಲ್ಲೇ ಇದ್ದಳು ಸುಮಾ. ಸೊರಗಿದ್ದೀಯಲ್ಲ ಎಂದರೆ ಬಿಸಿಲು ಅಂದಿದ್ದಳು (ಆಷಾಢದಲ್ಲಿ ಯಾವ ಬಿಸಿಲು?). ನನಗೆ ಹೇಳಲಾಗದ್ದನ್ನು ತಂಗಿಗೆ ಇಂಗ್ಲಿಷ್ ಪಾಠ ಮಾಡಿ ಹೋಗಿದ್ದಾಳೆ. ಅಂದಿನಿಂದ ನನಗೆ ತುತ್ತು ಇಳಿಯುತ್ತಿಲ್ಲ. ಹೋಗಿ ಕೇಳಲೇ? ಕೇಳಿ ಅವಳ ಬಾಳಿಗೇ ಸಂಚಕಾರವಾದರೆ? ಸುಮ್ಮನಿರೋಣವೆಂದರೆ ಕರುಳು ಕೇಳುವುದಿಲ್ಲ.

ಬೀಗಿತ್ತಿಗೆ ಓದಲು ಬಾರದು. ಆದರೆ ಅಳಿಯ ಪತ್ರಿಕೆಯಲ್ಲಿ ಬರುವ ನನ್ನ ಈ ಅಂಕಣವನ್ನು ವಾರವಾರವೂ ಅವರಿಗೆ ಓದಿ ಹೇಳುತ್ತಾನಂತೆ. ಈ ವಾರ ಆ ಪದಕ್ಕೆ ಯಾವ ಅರ್ಥ ಹೇಳುತ್ತಾನೆ?