ಬೀಗತಿಯ ಪಾಲಿನ ರೊಟ್ಟಿ

ಹೆಣ್ಣು ಮಗು! ನಮ್ಮ ಮನೆಗೆ ಮೊಮ್ಮಗಳು ಬಂದಳು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಇದನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ಉಳಿದದ್ದು. ಆ ದಿನ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಶಿಕಾರಿಪುರದ ಬಸ್ಸಿನಲ್ಲಿ ಕಂಡಕ್ಟರು "ಎಲ್ಲಿಗಜ್ಜಿ?" ಎಂದು ಕೇಳಿದರೆ "ಹೆಣ್ಣು ಮಗು ಕಣಪ್ಪ" ಅಂದೆ. ಬಸ್ಸಿಗೆ ಬಸ್ಸೇ ನಕ್ಕಿತು. ನಗಲಿ ಬಿಡಿ, ನನಗೂ ಅದೇ ಬೇಕಿತ್ತು.

ಮಗುವಿನ ಮೂಗು ನನ್ನ ಮಗನದ್ದು. ಬೆರಳು ನನ್ನ ಸೊಸೆಯದ್ದು. ಕಿವಿ ಮಾತ್ರ, ಮೇಲ್ತುದಿಯಲ್ಲಿ ಸ್ವಲ್ಪ ಮಡಚಿಕೊಂಡ ಆ ಕಿವಿ, ಯಾರದ್ದೆಂದು ನೋಡಿದ ಕೂಡಲೇ ಗೊತ್ತಾಯಿತು. ಸೊಸೆಯ ಅಮ್ಮನದ್ದು. ಅವಳು ನನಗೆ ಬೀಗತಿ ಆದದ್ದು ಈಚೆಗೆ, ಗೆಳತಿಯಾಗಿದ್ದು ಮೊದಲಿನಿಂದಲೂ. ಅವಳು ಈಗ ಇಲ್ಲ. ಮೊಮ್ಮಗಳು ಹುಟ್ಟಿದ ಸಂತೋಷದಲ್ಲಿ ಅರ್ಧ ಅವಳಿಗೆ ಸೇರಬೇಕಾದದ್ದು. ಆ ಅರ್ಧವನ್ನು ಯಾರ ಕೈಗೆ ಕೊಡಲಿ?

ನಾನು ಕ್ಯಾಸನೂರಿನ ಕಡೆಯವಳು, ಅವಳು ತೊಗರ್ಸಿ ಕಡೆಯವಳು. ಜಡೆ ಎಂಬ ಊರಿನ ಹತ್ತಿರದ ಈ ಹಳ್ಳಿಗೆ ಒಂದೇ ವರ್ಷ ಇಬ್ಬರೂ ಸೊಸೆಯಂದಿರಾಗಿ ಬಂದೆವು. ಅವಳು "ಐತಿ" ಅಂದರೆ ನಾನು ನಗುತ್ತಿದ್ದೆ, ನಾನು "ಎಂತದು" ಅಂದರೆ ಅವಳು ನಗುತ್ತಿದ್ದಳು. ನಮ್ಮ ಜೊತೆಗೆ ಎದುರುಮನೆ ಅಕ್ಕ. ಗದ್ದೆ ಕೆಲಸ ಮುಗಿದು ಕೈ ಬಿಡುವಾದಾಗ ನಾವು ಮೂವರೂ ಊರ ಹಿಂದಿನ ಗುಡ್ಡ ಹತ್ತುತ್ತಿದ್ದೆವು. ಕೇಳಿದವರಿಗೆ ಸೀಗೆಕಾಯಿ, ನೆಲ್ಲಿಕಾಯಿ ಎನ್ನುತ್ತಿದ್ದೆವು. ಮನೆಯ ಕಣ್ಣಿಗೆ ಬೀಳದೆ ಒಂದು ದಿನ ಇರಬೇಕು, ಅದು ನಿಜವಾದ ಆಸೆ. ಬೆಳಿಗ್ಗೆ ಹತ್ತಿದರೆ ದನ ಕೊಟ್ಟಿಗೆಗೆ ಬರುವ ಹೊತ್ತಿಗೆ ಇಳಿಯುತ್ತಿದ್ದೆವು.

ನಾಯಿಗಳೂ ಬರುತ್ತಿದ್ದವು. ನನ್ನದು ಬಿಳಿ ಕಾಲಿನ ಹೆಣ್ಣುನಾಯಿ, ಅವಳದ್ದು ಕರಿ ನಾಯಿ. ಅಂಗಡಿ ಕಟ್ಟೆಯ ಗಂಡಸರು ಸುಮ್ಮನಿರುತ್ತಾರೆಯೇ?

"ಏನ್ರೀ, ನಾಯಿ ಕರ್ಕೊಂಡು ಶಿಕಾರಿಗೆ ಹೊರಟ್ರಾ?"

"ಹೌದ್ರಿ" ಎನ್ನುತ್ತಿದ್ದಳು ಅವಳು. "ನೀವು ಎದ್ದು ಒಳಗ ಹೋಗ್ರಿ ಮದ್ಲು. ನಮ್ಮ ನಾಯಿಗೆ ಹಂದಿ ಯಾವ್ದು, ಮನುಷ್ಯ ಯಾವ್ದು ಗೊತ್ತಾಗಂಗಿಲ್ಲ."

ಆ ಕರಿ ನಾಯಿಯ ಹೆಸರು ಬೀಗ. ಮರಿಯಾಗಿದ್ದಾಗಲೇ ಇಟ್ಟ ಹೆಸರು. "ಮನಿಗೆ ಬೀಗ ಯಾಕ ಬೇಕು, ಇವನ ನಮ್ಮ ಬೀಗ" ಎಂದು ಬಾಗಿಲು ಹಾಗೇ ತೆರೆದಿಟ್ಟು ಗದ್ದೆಗೆ ಹೋಗುತ್ತಿದ್ದಳು. ಆಮೇಲೆ ಅವಳ ಮಗಳನ್ನು ನನ್ನ ಮಗನಿಗೆ ತಂದುಕೊಂಡೆವು. ನನ್ನ ಯಜಮಾನರು ಅವಳಿಗೆ ಬೀಗರಾದರು. ಅಲ್ಲಿಂದ ಶುರುವಾಯಿತು ನೋಡಿ. ಎರಡೂ ಮನೆ ಒಂದೇ ಓಣಿ. ನಮ್ಮವರು ಜಗಲಿಯಲ್ಲಿ ಗಡ್ಡ ಕೆರೆದುಕೊಳ್ಳುತ್ತಾ ಕೂತಿದ್ದರೆ ಆ ಕಡೆಯಿಂದ ಕೂಗು ಬರುತ್ತಿತ್ತು.

"ಬಾರೋ ಬೀಗಾ! ಬೂದ್ಯಾಗ ಹೊರಳಬ್ಯಾಡ!"

"ಆ ನಾಯಿ ಹೆಸರು ಬದಲಾಯ್ಸೋಕೆ ಹೇಳೇ ನಿನ್ನ ಬೀಗ್ತಿಗೆ" ಎಂದು ಇವರು ನನ್ನ ಮೇಲೆ ರೇಗುತ್ತಿದ್ದರು. ನಾನು ಹೋಗಿ ಹೇಳಿದರೆ ಅವಳು, "ಹೆಸರು ಮದ್ಲು ಇಟ್ಟಿದ್ದು ನಾಯಿಗೆ. ನಿಮ್ಮವ್ರು ಆಮೇಲೆ ಬಂದ್ರು. ಬೇಕಾದ್ರ ಅವರು ಬದಲಾಯಿಸಿಕೊಳ್ಳಲಿ" ಅಂದಳು.

ಗುಡ್ಡದ ನೆತ್ತಿಯಲ್ಲಿ ಒಂದು ಚಪ್ಪಟೆ ಬಂಡೆ ಇದೆ. ಅಲ್ಲಿ ಕೂತು ಬುತ್ತಿ ಬಿಚ್ಚುವುದು. ಅಕ್ಕಿ ರೊಟ್ಟಿ, ಗುರೆಳ್ಳು ಚಟ್ನಿಪುಡಿ. ಪಾಲು ಮಾಡುವವಳು ಯಾವಾಗಲೂ ಅವಳೇ. ಹಿಂದೆ ಗಂಡಸರು ಬೇಟೆಗೆ ಹೋದಾಗ ನಾಯಿಗೂ ಒಂದು ಪಾಲು ತೆಗೆದಿಡುತ್ತಿದ್ದರಂತೆ, ಅದೇ ಪದ್ಧತಿ ಇವಳದ್ದು. "ಗುಡ್ಡ ಹತ್ತಿದವರಿಗೆಲ್ಲ ಪಾಲು" ಎಂದು ಮೂವರು ಹೆಂಗಸರಿಗೆ ಮೂರು, ನಾಯಿಗಳಿಗೆ ಎರಡು, ಐದು ಪಾಲು ಬಂಡೆಯ ಮೇಲೆ ಸಾಲಾಗಿ ಇಡುತ್ತಿದ್ದಳು. ಎದುರುಮನೆ ಅಕ್ಕನಿಗೆ ಪ್ರತಿ ಸಲವೂ ಸಿಟ್ಟು.

"ನಂಗೂ ನಾಯಿಗೂ ಒಂದೇ ಲೆಕ್ಕ ಏನೇ?"

"ಅದು ನಾಕು ಕಾಲಾಗ ಹತ್ತೈತಿ, ನೀನು ಎರಡೇ ಕಾಲಾಗ. ಲೆಕ್ಕ ನೋಡಿದ್ರ ನಿನಗ ಅರ್ಧ ಪಾಲು ಅಕ್ಕಾ. ಸುಮ್ನ ತಿನ್ನು."

ಉಂಡಾದ ಮೇಲೆ ಅವಳು ಬೀಗನನ್ನು ಕರೆದುಕೊಂಡು ಬಂಡೆಯ ಆಚೆ ಇಳಿಜಾರಿಗೆ ಇಳಿಯುತ್ತಿದ್ದಳು. ಅಲ್ಲೆಲ್ಲೋ ಒಂದು ಹಾಲುಮಡ್ಡಿ ಮರ. ಅದರ ಅಂಟು ಧೂಪಕ್ಕೆ. ಎಳೆ ಮಗುವಿಗೆ ನೀರು ಹಾಕಿದ ಮೇಲೆ ಕೆಂಡಕ್ಕೆ ಚಿಟಿಕೆ ಉದುರಿಸಿ, ಆ ಹೊಗೆಯಲ್ಲಿ ತಲೆ ಆರಿಸುತ್ತಾರಲ್ಲ, ಅದು. ಅಂಗಡಿಯಲ್ಲಿ ಸಿಗುವ ಧೂಪ ಅವಳಿಗೆ ಆಗುತ್ತಿರಲಿಲ್ಲ. ನಮ್ಮ ಓಣಿಯ ಎಷ್ಟು ಮಕ್ಕಳು ಅವಳ ಹಾಲುಮಡ್ಡಿಯ ಹೊಗೆ ಕುಡಿದು ಬೆಳೆದವೋ. ನನಗೆ ಮಂಡಿ ನೋವು, ಇಳಿಜಾರು ಆಗದು. ನಾನೂ ಅಕ್ಕನೂ ಬಂಡೆಯ ಮೇಲೆ ಕಾಲು ಚಾಚಿಕೊಂಡು ಕಾಯುತ್ತಿದ್ದೆವು. ಆ ಮರವನ್ನು ನಾವು ನೋಡಿಯೇ ಇರಲಿಲ್ಲ.

ಮಕ್ಕಳ ಮದುವೆಯಾದ ವರ್ಷ ಅದೇ ಬಂಡೆಯ ಮೇಲೆ ಕೂತು ಹೇಳಿದಳು. "ಮದ್ಲೇ ಹೇಳಿಬಿಡ್ತೀನಿ ಬೀಗ್ತಿ, ಬಾಣಂತನ ನಂದು. ನೀನು ಅತ್ತಿ, ದೂರ ನಿಂತು ನೋಡು. ಕೈಗೆ ಕೊಟ್ಟಾಗ ಎತ್ಕೊ."

"ನಂಗೇನು ಮಗೂಗೆ ನೀರು ಹಾಕೋಕೆ ಬರಲ್ವೇನೇ?"

"ನಿನ್ನ ಮಗನ ತಲಿ ನೋಡಿದ್ರ ಗೊತ್ತಾಗತೈತಿ ಹೆಂಗ ಹಾಕಿದ್ದಿ ಅಂತ. ಹಿಂದ ಚಪ್ಪಟಿ."

ಹೋದ ಮಾಘದಲ್ಲಿ ಕೊನೆಯ ಸಲ ಹತ್ತಿದೆವು. ಆ ಚಳಿಗಾಲ ನಮ್ಮ ಕಾಡಿನಲ್ಲಿ ಮಂಗ ಸತ್ತ ಸುದ್ದಿ ನಮಗೆ ಬಂದಿರಲಿಲ್ಲ. ಮೂವರೂ ಅದೇ ದಾರಿ ನಡೆದೆವು, ಅದೇ ತರಗೆಲೆಯ ಮೇಲೆ ಕೂತೆವು. ಸತ್ತ ಮಂಗದ ಮೈಯಿಂದ ತರಗೆಲೆಗೆ ಉದುರುವ ಉಣ್ಣೆ ಹುಳ, ನಮ್ಮ ಕಡೆಯ ಉಣುಗು, ಅವಳನ್ನೇ ಹುಡುಕಿಕೊಂಡು ಹೋಗಿ ಕಚ್ಚಿತು. ವಾರದಲ್ಲಿ ಜ್ವರ. ಮೈಕೈ ನೋವು, ಕಣ್ಣು ಕೆಂಪು. ರಕ್ತ ಪರೀಕ್ಷೆ ಮಾಡಿಸಿದರು, ಮಂಗನ ಕಾಯಿಲೆ ಅಂದರು. ಆ ಕಾಯಿಲೆಗೆ ಇಂಗ್ಲಿಷಿನಲ್ಲಿ ಇರುವುದು ನನ್ನ ತವರಿನ ಹೆಸರು. ಮೊದಲು ಅಲ್ಲಿ ಕಂಡದ್ದಂತೆ, ಅದಕ್ಕೆ ಕ್ಯಾಸನೂರು ಎಂದೇ ಹೆಸರಿಟ್ಟರು. ಆಸ್ಪತ್ರೆಯ ಮಂಚದ ಹತ್ತಿರ ನಿಂತು ಡಾಕ್ಟರು ಹಾಗೆ ಹೇಳಿದಾಗ ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು.

"ಕೇಳಿದ್ಯೇನ್ ಬೀಗ್ತಿ? ಮದುವ್ಯಾಗ ನಿನ್ನ ತವರಿನವರಿಗೆ ಸೀರಿ ಚೊಲೋದು ಕೊಡ್ಲಿಲ್ಲ ಅಂತ ಸಿಟ್ಟು ತೀರಿಸಿಕೊಳ್ಳಾಕ ಹತ್ಯಾರ."

ಇಬ್ಬರೂ ನಕ್ಕೆವು. ನಕ್ಕರೆ ಅವಳಿಗೆ ತಲೆ ಸಿಡಿಯುತ್ತಿತ್ತು, ಆದರೂ ನಕ್ಕಳು. ಅವಳು ನನ್ನ ಜೊತೆ ಆಡಿದ ಕಡೆಯ ಮಾತು ಅದು. ಆಮೇಲೆ ಮೂಗಿನಿಂದ ರಕ್ತ ಬಂತು, ಎಚ್ಚರ ತಪ್ಪಿತು. ಶಿವರಾತ್ರಿಗೆ ಅವಳಿರಲಿಲ್ಲ.

ಇವತ್ತಿಗೂ ಯಾರಾದರೂ ನಿಮ್ಮ ತವರು ಯಾವುದು ಎಂದು ಕೇಳಿದರೆ ಊರಿನ ಹೆಸರು ಬಿಟ್ಟು "ಇಲ್ಲೇ ಹತ್ತಿರ" ಎನ್ನುತ್ತೇನೆ.

ದಿನ ಕಾರ್ಯ ಮುಗಿದ ಮೇಲೆ ಸೊಸೆಗೆ ವಾಂತಿ ಶುರುವಾಯಿತು. ಅತ್ತು ಅತ್ತು ಹೊಟ್ಟೆ ಕೆಟ್ಟಿದೆ ಎಂದುಕೊಂಡೆವು. ತಿಂಗಳು ನಿಂತಿತ್ತು. "ಅಮ್ಮನಿಗೆ ಗೊತ್ತೇ ಆಗ್ಲಿಲ್ಲ ಅತ್ತೆ" ಎಂದು ನನ್ನ ಹೆಗಲಿಗೆ ಬಿದ್ದು ಅತ್ತಳು. ಸಂತೋಷದ ಸುದ್ದಿಗೆ ಎರಡೂ ಮನೆಯಲ್ಲಿ ಯಾರಿಗೂ ಸಿಹಿ ಮಾಡುವ ಮನಸ್ಸಾಗದೆ ಆ ದಿನ ಕಳೆಯಿತು.

ಏಳು ತಿಂಗಳು ತುಂಬಿದಾಗ ಸೊಸೆ "ತವರಿಗೆ ಹೋಗ್ತೀನಿ ಅತ್ತೆ" ಅಂದಳು. ತಾಯಿ ಇಲ್ಲದ ತವರು ಎಂಥ ತವರು ಎಂದು ಓಣಿಯ ಹೆಂಗಸರೆಲ್ಲ ಬುದ್ಧಿ ಹೇಳಿದರು. ಸೊಸೆಯ ಅಪ್ಪ, ನಮ್ಮ ಬೀಗರಿಗೆ, ಹಾಲು ಕಾಯಿಸಲೂ ಬರುವುದಿಲ್ಲ, ದಿನಾ ಸೀಯಿಸುತ್ತಾರೆ. ಆದರೂ ಹೋದಳು. ನಾಲ್ಕು ಮನೆ ಆಚೆ. ನಾನು ಬೆಳಿಗ್ಗೆ ಎದ್ದು ಸಾರಿನ ಪಾತ್ರೆ ಹಿಡಿದು ಅಲ್ಲಿಗೇ ಹೋಗುತ್ತಿದ್ದೆ, ಸಂಜೆ ಬರುತ್ತಿದ್ದೆ. "ಸೊಸೆ ತವರಿಗೆ ಹೋದ್ಲು, ಹಿಂದೇನೇ ಅತ್ತೆನೂ ಹೋದ್ಲು" ಎಂದು ಅಕ್ಕ ನಗುತ್ತಿದ್ದಳು. ಬೀಗ ಆ ಮನೆಯ ಹೊಸ್ತಿಲಲ್ಲಿ ಮಲಗಿರುತ್ತಿದ್ದ. ಯಾರು ಬಂದರೂ ಬೊಗಳುತ್ತಿರಲಿಲ್ಲ, ಯಾರ ಹಿಂದೆಯೂ ಹೋಗುತ್ತಿರಲಿಲ್ಲ.

ಒಂದು ದಿನ ಸೊಸೆ ಅಡುಗೆಮನೆಯ ಗೂಡಿನಿಂದ ಒಂದು ಡಬ್ಬಿ ತೆಗೆದಳು. ಅವಳಮ್ಮನ ಹಾಲುಮಡ್ಡಿ ಡಬ್ಬಿ. ಖಾಲಿ.

"ಅಂಗಡೀದು ತರ್ಸೋಣ ಬಿಡೇ" ಅಂದೆ.

"ಹ್ಞೂಂ" ಅಂದಳು. ಅಂದು ಆ ಖಾಲಿ ಡಬ್ಬಿಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ನಿಂತುಬಿಟ್ಟಳು. ಬೇಡಿದವಳಲ್ಲ, ಹಟ ಮಾಡಿದವಳಲ್ಲ. ಹುಟ್ಟುವ ಮಗುವಿಗೆ ತನ್ನ ಅಮ್ಮನ ಕೈಯಿಂದ ಏನಾದರೂ ಒಂದು ಬರಲಿ ಎಂಬುದು ಅವಳ ಆಸೆ. ನಾನು ಆಗಲೇ ತೀರ್ಮಾನ ಮಾಡಿದೆ.

ಹೆರಿಗೆಗೆ ಇನ್ನೂ ಎರಡು ವಾರ ಇದೆ ಎಂದು ಹೇಳಿದ್ದರು. ದೀಪಾವಳಿ ಕಳೆದಿತ್ತು. ಬೆಳಿಗ್ಗೆ ನಾನೂ ಅಕ್ಕನೂ ಹೊರಟೆವು. "ಅದೇ ಗುಡ್ಡಕ್ಕಾ?" ಅಂದರು ನಮ್ಮವರು. ಹೌದು ಅಂದೆ. ಉಣುಗು ಹತ್ತದಂತೆ ಆಸ್ಪತ್ರೆಯವರು ಕೊಟ್ಟ ಎಣ್ಣೆಯ ಬಾಟಲಿ ತಂದು ಮುಂದಿಟ್ಟರು. ಕೈಗೆ, ಕಾಲಿಗೆ, ಕುತ್ತಿಗೆಗೆ ಹಚ್ಚಿಕೊಂಡೆವು. ನನ್ನ ಕೈಯಲ್ಲಿ ಬುಟ್ಟಿ, ಕೋಲು ನೋಡಿದ ಬಿಳಿ ಕಾಲಿನವಳು ಕುಣಿದಳು. ಬೀಗ ಹೊಸ್ತಿಲಿನಿಂದ ತಲೆ ಎತ್ತಿದ. ತಿರುಗಿ ನೋಡಿದರೆ ದೂರದಲ್ಲಿ ಹಿಂದೆ ಬರುತ್ತಿದ್ದ.

ಬಂಡೆಯವರೆಗೆ ಬಂದ. ಬಂದವನು ಅವಳು ಕೂರುತ್ತಿದ್ದ ಜಾಗವನ್ನು ಮೂಸಿ, ಅಲ್ಲೇ ಮುಂಗಾಲಿನ ಮೇಲೆ ಮುಖ ಇಟ್ಟು ಮಲಗಿದ. "ಮರ ತೋರ್ಸೋ" ಅಂದೆ. ಕಿವಿಯೂ ಆಡಲಿಲ್ಲ. "ಕುರೋ ಕುರೋ" ಅಂದೆ. ಬಿಳಿ ಕಾಲಿನವಳು ಓಡಿಬಂದಳು, ಅವನು ಬರಲಿಲ್ಲ.

"ಹೆಸರು ಹಿಡಿದು ಕರಿಯೇ" ಅಂದಳು ಅಕ್ಕ.

ಆ ಹೆಸರನ್ನು ನಾನು ಒಂದು ದಿನವೂ ಕರೆದಿರಲಿಲ್ಲ. ಅದು ಅವಳ ತಮಾಷೆ, ಅವಳ ಬಾಯಲ್ಲೇ ಚೆಂದ. ಕೊನೆಗೆ ಅವಳ ಹಾಗೇ ರಾಗ ಎಳೆದು ಕೂಗಿದೆ.

"ಬಾರೋ ಬೀಗಾ! ಹೊತ್ತಾತು!"

ಬೀಗ ಧಡಕ್ಕನೆ ಎದ್ದು ನಿಂತ. ನನ್ನನ್ನು ನೋಡಲಿಲ್ಲ. ನನ್ನ ಬೆನ್ನ ಹಿಂದೆ ನೋಡಿದ. ಅಲ್ಲಿ ಯಾರಿದ್ದಾರೆ? ಬಹಳ ಹೊತ್ತು ಹಾಗೇ ನೋಡುತ್ತಾ ನಿಂತ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅವನು ತಿರುಗಿ ಇಳಿಜಾರಿಗೆ ಇಳಿದ. ನಾನು ಕೂತುಕೊಂಡೇ ಜಾರುತ್ತಾ, ಬೇರು ಹಿಡಿಯುತ್ತಾ ಹಿಂದೆ ಇಳಿದೆ.

ಮರದ ಬುಡದಲ್ಲಿ ಅವನು ಕಾಯುತ್ತಿದ್ದ. ತೊಗಟೆಯಲ್ಲಿ ಅವಳ ಕತ್ತಿಯ ಕಚ್ಚು ಹಾಗೇ ಇತ್ತು. ಹೋದ ಮಾಘದಲ್ಲಿ ಹಾಕಿದ ಕಚ್ಚು. ಅದರಿಂದ ಅಂಟು ಇಳಿದು ಇಳಿದು, ತೆಗೆಯುವವರಿಲ್ಲದೆ ಗಟ್ಟಿಯಾಗಿತ್ತು. ಅವಳು ಹೋದ ಮೇಲೂ ಮರ ಕೊಡುತ್ತಲೇ ಇತ್ತು. ನಾನು ಹೊಸ ಕಚ್ಚು ಹಾಕಲಿಲ್ಲ. ಅಷ್ಟನ್ನೇ ಕೆರೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಕೆಳಗೆ ಕೂತು ಚೆನ್ನಾಗಿ ಅತ್ತೆ. ಬೀಗ ಪಕ್ಕದಲ್ಲಿ ಕೂತಿದ್ದ.

ಮೇಲೆ ಬಂದು ಬುತ್ತಿ ಬಿಚ್ಚಿದೆ. ರೊಟ್ಟಿ ಹಂಚಿ ಬಂಡೆಯ ಮೇಲೆ ಇಟ್ಟೆ. ಅಕ್ಕ, ನಾನು, ನಾಯಿಗಳು ತಿಂದೆವು. ಇನ್ನೂ ಒಂದು ಪಾಲು ಉಳಿಯಿತು. ಕೈ ತನ್ನಷ್ಟಕ್ಕೆ ತಾನೇ ಐದು ಇಟ್ಟಿತ್ತು. ಅಕ್ಕ ಅದನ್ನು ಎತ್ತಿಕೊಂಡಳು. ಬಟ್ಟೆಯಲ್ಲಿ ಬೇರೆಯಾಗಿ ಕಟ್ಟಿ ಬುಟ್ಟಿಯಲ್ಲಿ ಇಟ್ಟಳು.

ಆಗ ಮೊಬೈಲು ಕೂಗಿತು. ಹತ್ತುವ ದಾರಿಯಲ್ಲಿ, ಇಳಿಜಾರಿನಲ್ಲಿ ಸಿಗ್ನಲ್ ಇಲ್ಲ, ಬಂಡೆಯ ಮೇಲೆ ಮಾತ್ರ ಸಿಗುತ್ತದೆ.

"ಅಮ್ಮಾ, ಎಲ್ಲಿದ್ದೀಯ? ಎಷ್ಟು ಸಲ ಮಾಡೋದು?" ಮಗನ ದನಿ. ನನ್ನ ಜೀವ ಹಾರಿತು. ಇದೇ ಗುಡ್ಡದಿಂದ ಇಳಿದ ಮೇಲೆ ಅಲ್ಲವೇ ಅವಳನ್ನು ಕಳೆದುಕೊಂಡದ್ದು?

"ಏನಾಯ್ತೋ?"

"ನೀನು ಹೋದ ಹಿಂದೆನೇ ನೋವು ಬಂತು. ಶಿಕಾರಿಪುರಕ್ಕೆ ಕರ್ಕೊಂಡ್ ಬಂದ್ವಿ. ಹೆಣ್ಣು ಮಗು ಅಮ್ಮಾ! ಇಬ್ರೂ ಚೆನ್ನಾಗಿದಾರೆ."

ನಾನು ಏನು ಕೂಗಿದೆನೋ ಗೊತ್ತಿಲ್ಲ. ಅಕ್ಕ ನನ್ನ ಎರಡೂ ಕೈ ಹಿಡಿದು ಬಂಡೆಯ ಮೇಲೆ ಸುತ್ತಿದಳು, ನಾಯಿಗಳು ಬೊಗಳಿದವು. ಸುತ್ತುತ್ತಲೇ "ಕೇಳಿದ್ಯೇನೇ ಬೀಗ್ತಿ!" ಎಂದು ನಾನು ಪಕ್ಕಕ್ಕೆ ತಿರುಗಿಬಿಟ್ಟೆ. ಖಾಲಿ ಕಲ್ಲು. ಅಕ್ಕ ನನ್ನ ಕೈ ಬಿಡದೆ ಹಾಗೇ ಹಿಡಿದುಕೊಂಡು ನಿಂತಳು.

ನಾಯಿಗಳನ್ನು ಅಕ್ಕನಿಗೆ ಒಪ್ಪಿಸಿ, ಎಣ್ಣೆ ಕಾಲಿನಲ್ಲೇ ಬಸ್ಸು ಹತ್ತಿದೆ. ಆಸ್ಪತ್ರೆ ತಲುಪುವಾಗ ಸಂಜೆ. ಕೈಕಾಲು ತೊಳೆದು ಒಳಗೆ ಹೋದರೆ ಸೊಸೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಪಕ್ಕದ ಮಂಚದ ಹುಡುಗಿಗೆ ಅವಳ ತಾಯಿ ತಲೆ ಬಾಚುತ್ತಿದ್ದಳು. ನಾನು ಸೆರಗಿನ ಗಂಟು ಬಿಚ್ಚಿ ಸೊಸೆಯ ಅಂಗೈಗೆ ಇಟ್ಟೆ. ಮೂಗಿನ ಹತ್ತಿರ ಒಯ್ದಳು. ಮುಷ್ಟಿ ಬಿಗಿಹಿಡಿದು ಅತ್ತಳು, ಅತ್ತು ಮುಗಿದ ಮೇಲೆ ಮಗುವನ್ನು ತಾನೇ ಎತ್ತಿ ನನ್ನ ತೊಡೆಯ ಮೇಲೆ ಹಾಕಿದಳು.

ಮಗ, ನಮ್ಮವರು, ಬೀಗರು ಎಲ್ಲರೂ ಬೆಳಿಗ್ಗೆಯಿಂದ ಉಪವಾಸ. ಬುಟ್ಟಿಯಲ್ಲಿ ಮಿಕ್ಕಿದ್ದ ರೊಟ್ಟಿ, ಹೊರಗಿನಿಂದ ತಂದ ಅನ್ನ ಸಾರು ಇಟ್ಟುಕೊಂಡು ಮಂಚದ ಸುತ್ತ ಕೂತೆವು. ಬೇರೆ ಕಟ್ಟಿದ ಬಟ್ಟೆ ಸೊಸೆಯ ಕಣ್ಣಿಗೆ ಬಿತ್ತು.

"ಅದ್ಯಾಕೆ ಅತ್ತೆ ಬೇರೆ?"

"ನಿಮ್ಮಮ್ಮಂದು ಕಣೇ. ಕೈ ಮರ್ತು ಇಟ್ಬಿಡ್ತು."

ಅವಳು ಕೈ ಚಾಚಿದಳು. ಹಸಿ ಬಾಣಂತಿಗೆ ಒಣ ರೊಟ್ಟಿ ಕೊಡುವುದುಂಟೇ? ಬೀಗರು ಫ್ಲಾಸ್ಕಿನಲ್ಲಿ ತಂದಿದ್ದ ಹಾಲಿನಲ್ಲಿ ಮುರಿದು ನೆನೆಸಿದೆ. ಹಾಲು ಎಂದಿನಂತೆ ಸೀದಿತ್ತು. ನರ್ಸಮ್ಮ ಬಂದು ನೋಡಿ, ಮೆತ್ತಗಿದ್ದರೆ ತಿನ್ನಲಿ ಅಂದರು. ಸೊಸೆ ಒಂದು ತುತ್ತು ತಿಂದು ನಿಲ್ಲಿಸಿದಳು.

"ಹತ್ತಿದವರಿಗೆಲ್ಲ ಪಾಲು ಅಂತಿದ್ಲು ಅಮ್ಮ. ಬೀಗನಿಗೆ ಕೊಟ್ರಾ ಅತ್ತೆ?"

"ಕೊಟ್ಟೆ" ಎನ್ನುವುದರೊಳಗೆ ಮೂಲೆಯಿಂದ ನಮ್ಮವರು, ಬಾಯಿ ತುಂಬ ಅನ್ನ ಇಟ್ಟುಕೊಂಡು, "ಎಲ್ಲಿ ಕೊಟ್ಲು? ನಂಗಿನ್ನೂ ಚಟ್ನಿಪುಡಿನೇ ಬಂದಿಲ್ಲ" ಅಂದರು.

ಸೊಸೆ ನಕ್ಕಳು. ಅಮ್ಮ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಬೀಗರು ನಗಲು ಹೋಗಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಚಟ್ನಿಪುಡಿಯ ಪೊಟ್ಟಣ ಬಿಚ್ಚಿ ಮೊದಲು ನಮ್ಮವರಿಗೆ ಬಡಿಸಿದೆ, ಆಮೇಲೆ ಎಲ್ಲರಿಗೂ. ಸೊಸೆ ಅವಳಮ್ಮನ ಪಾಲಿನ ರೊಟ್ಟಿಯನ್ನು ಪೂರ್ತಿ ತಿಂದಳು. ಮಗು ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ನಾನು ಒಂದು ಕೈ ಅದರ ಮೇಲಿಟ್ಟು ಇನ್ನೊಂದು ಕೈಯಲ್ಲಿ ಉಂಡೆ.