ಬಚ್ಚಲೊಲೆಯ ಸಾಕ್ಷಿ

ನನ್ನ ಗಂಡ ಬೆಳ್ತಂಗಡಿಯ ಒಂದು ಸರಕಾರಿ ಕಚೇರಿಯಲ್ಲಿ ಗುಪ್ತ ಕಡತಗಳನ್ನು ನೋಡಿಕೊಳ್ಳುತ್ತಿದ್ದವರು. ಅವಧಿ ಮುಗಿದ ಕಡತಗಳನ್ನು ಸುಡುವುದೂ ಅವರದೇ ಜವಾಬ್ದಾರಿ. ಅದಕ್ಕೊಂದು ಕ್ರಮವಿತ್ತು. ಕಾಗದವನ್ನು ಹರಿದೇ ಬೆಂಕಿಗೆ ಹಾಕಬೇಕು, ಪಕ್ಕದಲ್ಲಿ ಇನ್ನೊಬ್ಬರು ಸಾಕ್ಷಿಗೆ ನಿಂತಿರಬೇಕು, ಕೊನೆಗೆ ಬೂದಿಗೆ ನೀರು ಹೊಯ್ದು ಕೋಲಿನಿಂದ ಕಲಸಬೇಕು. ಎಂದೂ ಸುಡಬಾರದವನ್ನು ‘ಕಾಯಂ’ ಎಂದು ಮೊದಲೇ ಬೇರೆ ಮಾಡಿ ಇಡಬೇಕು. ಆ ಕೆಲಸವಿದ್ದ ದಿನ ಅವರ ಅಂಗಿ ಹೊಗೆ ನಾರುತ್ತಿತ್ತು. ಏನು ಸುಟ್ಟಿರಿ ಎಂದು ಕೇಳಿದರೆ ಕಾಗದ ಅನ್ನುತ್ತಿದ್ದರು. ಅಷ್ಟು ನನಗೂ ಗೊತ್ತಿತ್ತಪ್ಪ!

ನಾನು ವೇಣೂರಿನ ಕಡೆಯ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ಮನೆ ಮೂಡುಬಿದಿರೆಯಲ್ಲಿ. ಸಂಜೆ ಅವರು ಬೆಳ್ತಂಗಡಿಯಿಂದ ಬರುತ್ತಿದ್ದ ಬಸ್ಸನ್ನೇ ನಾನು ವೇಣೂರಿನಲ್ಲಿ ಹತ್ತುತ್ತಿದ್ದೆ. ಕಿಟಕಿ ಪಕ್ಕದ ಸೀಟಿನಲ್ಲಿ ಅವರ ಚೀಲ ಕೂತಿರುತ್ತಿತ್ತು. ನಿಂತವರು ಎಷ್ಟು ಗೊಣಗಿದರೂ, ಕಂಡಕ್ಟರ್ ಬೈದರೂ, ಈ ಮನುಷ್ಯ ಜಪ್ಪಯ್ಯ ಅಂದರೂ ಸೀಟು ಬಿಡುತ್ತಿರಲಿಲ್ಲ. ನನ್ನನ್ನು ಕಂಡದ್ದೇ ಚೀಲವನ್ನು ಮಡಿಲಿಗೆ ಎಳೆದುಕೊಂಡು ತುಳುವಿನಲ್ಲಿ “ಬಲ, ಕುಲ್ಲು” ಅನ್ನುತ್ತಿದ್ದರು. ಬಾ, ಕೂತುಕೋ ಅಂತ. ಇಡೀ ದಿನ ಮಕ್ಕಳ ಜೊತೆ ಗಂಟಲು ಹರಿದುಕೊಂಡು ಬಂದವಳಿಗೆ ಅಷ್ಟು ಸಾಕಾಗುತ್ತಿತ್ತು. ಈಗ ಆ ಎರಡು ಮಾತಿಗೆ ನನ್ನ ಜೀವ ಎಷ್ಟು ಹಾತೊರೆಯುತ್ತದೆ ಎಂದು ಯಾರಿಗೆ ಹೇಳಲಿ?

ಅವರಿಗೆ ಮರೆವಿನ ಕಾಯಿಲೆ. ಮೊದಲು ಪೇಟೆಯ ದಾರಿ ಮರೆತರು, ಆಮೇಲೆ ನೆಂಟರನ್ನು ಮರೆತರು, ಕೊನೆಗೆ ನನ್ನನ್ನೂ. ಸುಡುವ ಕೆಲಸ ಮಾತ್ರ ಮರೆತಿಲ್ಲ. ಸಂಜೆ ಬಚ್ಚಲೊಲೆಗೆ ಬೆಂಕಿ ಹಾಕಿದ ಕೂಡಲೇ ಹಳೆಯ ಪೇಪರು, ಮದುವೆಯ ಕರೆಯ ಕಾಗದ, ಔಷಧದ ಪೆಟ್ಟಿಗೆ, ಕೈಗೆ ಸಿಕ್ಕಿದ್ದನ್ನೆಲ್ಲ ಹೊತ್ತು ತಂದು ಹರಿಯುತ್ತಾರೆ. ಸಾಕ್ಷಿ ಇಲ್ಲದೆ ಒಂದು ಚೂರನ್ನೂ ಒಲೆಗೆ ಹಾಕುವುದಿಲ್ಲ. “ಮೇಡಂ, ಸಾಕ್ಷಿಗೆ ಬನ್ನಿ” ಎಂದು ನನ್ನನ್ನು ಕರೆಯುತ್ತಾರೆ. ಕನ್ನಡದಲ್ಲಿ! ಮದುವೆಯಾದಂದಿನಿಂದ ನಾವಿಬ್ಬರೂ ಮಾತಾಡಿದ್ದು ತುಳು. ಕನ್ನಡ ಏನಿದ್ದರೂ ನನ್ನ ಶಾಲೆಗೆ, ಅವರ ಕಚೇರಿಗೆ. ಮೊದಲ ದಿನ ಆ ಮೇಡಂ ಕೇಳಿ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಬಂಟ್ವಾಳದಲ್ಲಿರುವ ಮಗಳು ಫೋನಿನಲ್ಲಿ ಗದರಿಸಿದಳು, ಬಚ್ಚಲಿಗೆ ಬೀಗ ಹಾಕು, ಗೀಸರ್ ಹಾಕಿಸುತ್ತೇನೆ ಎಂದು. ಒಂದು ಸಂಜೆ ಬೀಗ ಹಾಕಿಯೂ ನೋಡಿದೆ. ಹರಿದ ಕಾಗದವನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸು ತಪ್ಪಿದವರ ಹಾಗೆ ಅಂಗಳದಲ್ಲಿ ಕೂತೇ ಇದ್ದರು. ನನಗೆ ತಡೆಯಲಾಗದೆ ಮರುದಿನ ಮತ್ತೆ ಒಲೆ ಹೊತ್ತಿಸಿದೆ. ಮೇಡಂ ಆದರೆ ಮೇಡಂ, ಕರೆಯುತ್ತಾರಲ್ಲ.

ನಡುವೆ ಒಮ್ಮೆ ಅವರ ಹಳೆಯ ಕಚೇರಿಯಿಂದ ಒಬ್ಬ ಯುವ ಅಧಿಕಾರಿ ಬಂದಿದ್ದರು. ಆರೋಗ್ಯ ವಿಚಾರಿಸಿದರು, ಕಾಫಿ ಕುಡಿದರು, ಈಗ ಎಲ್ಲ ಯಂತ್ರವೇ ಚೂರು ಮಾಡುತ್ತದೆ ಎಂದರು. ಮತ್ತೆ ಮೆಲ್ಲಗೆ, ಸರ್ ಹಳೆಯ ಸಂಗತಿ ಏನಾದರೂ ಮಾತಾಡುತ್ತಾರಾ ಎಂದು ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. “ನನ್ನ ಹೆಸರು ಮರೆತಿದ್ದಾರೆ. ನಿಮ್ಮ ಗುಟ್ಟು ಒಂದೂ ಹೊರಗೆ ಬರ್ಲಿಲ್ಲ, ಹೆದರ್ಬೇಡಿ” ಎಂದೆ. ಅವರು ಸಮಾಧಾನದಿಂದಲೇ ಹೋದರು. ನನಗೆ ಮಾತ್ರ ಸಮಾಧಾನ ಆಗಲಿಲ್ಲ. ಎಂದೋ ಸುಟ್ಟು ಬೂದಿಯಾದದ್ದನ್ನು ಹೊಟ್ಟೆಯೊಳಗೆ ಇಷ್ಟು ಭದ್ರವಾಗಿ ಕಾಯುವವರಿಗೆ ಕಣ್ಣೆದುರಿಗಿರುವ ನಾನು ಬೇಡವಾದೆನೇ? ಆ ಕಡತಗಳ ಮೇಲೆ ನನಗೆ ಹೊಟ್ಟೆಕಿಚ್ಚು. ಹೌದು, ಹೊಟ್ಟೆಕಿಚ್ಚೇ.

ಮೊನ್ನೆ ನನ್ನ ಗಂಡ ತಮ್ಮ ಹಳೆಯ ಪರ್ಸನ್ನು ಎಲ್ಲಿಂದಲೋ ಹುಡುಕಿ ತಂದು ಒಲೆಯ ಮುಂದಿನ ಉದ್ದದ ಕಲ್ಲಿನ ಮೇಲೆ ಕೂತರು. ನಾನು ಸಾಕ್ಷಿಗೆ ನಿಂತಿದ್ದೆ. ಒಳಗಿನ ಚೀಟಿಗಳನ್ನು ಒಂದೊಂದಾಗಿ ಹರಿಯುತ್ತ ಹೋದ ಹಾಗೆ ನನ್ನ ಫೋಟೋ ಹೊರಗೆ ಬಂತು, ಟೀಚರ್ ಕೆಲಸಕ್ಕೆ ಸೇರುವಾಗ ತೆಗೆಸಿದ್ದು, ಎರಡು ಜಡೆಯದ್ದು. ಅವರ ಎರಡು ಕೈಗಳೂ ಅದರ ಅಂಚು ಹಿಡಿದವು. ಕಸಿದುಕೊಳ್ಳಬಹುದಿತ್ತು. ಕಸಿಯಲಿಲ್ಲ. ಅವರೊಳಗೆ ನಾನು ಒಂದಿಷ್ಟಾದರೂ ಉಳಿದಿದ್ದೇನಾ ಎಂದು ನನಗೆ ತಿಳಿಯಬೇಕಿತ್ತು.

ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡರು.

“ಇದು ಸುಡ್ಲಿಕ್ಕೆ ಇಲ್ಲ, ಮೇಡಂ. ಇದು ಕಾಯಂ.”

ಯಾರದ್ದು ಎಂದು ಕೇಳಿದೆ.

“ನನ್ನ ಹೆಂಡತಿ. ವೇಣೂರಿನಲ್ಲಿ ಹತ್ತುತ್ತಾಳೆ.”

ಹಾಗೆಂದವರು ಮೈ ಒರೆಸುವ ಬೈರಾಸನ್ನು ಹೆಗಲಿನಿಂದ ತೆಗೆದು, ಮಡಚಿ, ಕಲ್ಲಿನ ಮೇಲೆ ತಮ್ಮ ಪಕ್ಕದಲ್ಲಿಟ್ಟು ಅದರ ಮೇಲೆ ಅಂಗೈ ಊರಿದರು. ಅಲ್ಲಿ ನಾನು ಸ್ವಲ್ಪ ಕೂರಬಹುದಾ ಎಂದು ಕೇಳಿದೆ. ಅವರು ತಲೆಯೆತ್ತಿ ನೋಡಿದರು, ಬಹಳ ಮರ್ಯಾದೆಯಿಂದ.

“ಇಲ್ಲ ಮೇಡಂ, ಇಲ್ಲಿ ಜನ ಉಂಟು.”

ಆಗಲಿ ಎಂದೆ. ಬೂದಿಗೆ ನೀರು ಹೊಯ್ದು ಕಲಸಿ ಮುಗಿಯುವವರೆಗೂ ನಿಂತೇ ಇದ್ದೆ.